ಹುಳುವಿಗೆ ಜ್ವರ ಬರಿಸುವ ಮೆದುಳು

ರಾಮನಗರ, ಕನಕಪುರ, ಶಿಡ್ಲಘಟ್ಟ, ಕೊಳ್ಳೇಗಾಲಗಳ ರೇಷ್ಮೆ ಸೀಮೆಯಲ್ಲಿ ಹುಳು ಸಾಕುವವರು ಒಂದು ಮಾತನ್ನು ಬಳಸುತ್ತಾರೆ: ಜ್ವರ. ಮೊಟ್ಟೆಯೊಡೆದು ಬಂದ ಚಾಕಿ ಹುಳು ಕೆಲವು ದಿನ ಎಡೆಬಿಡದೆ ಸೊಪ್ಪು ತಿಂದು, ಒಂದು ದಿನ ತಟ್ಟನೆ ಮೇವು ಬಿಡುತ್ತದೆ. ತಲೆಯೆತ್ತಿ ಕಲ್ಲಾಗಿ ಕೂರುತ್ತದೆ. ಒಂದು ದಿನ ಕಳೆದ ಮೇಲೆ ಹಳೆಯ ತೊಗಲನ್ನು ಕಳಚಿ, ಹೊಸ ತೊಗಲಿನಲ್ಲಿ ಎದ್ದು ಮತ್ತೆ ಮೇಯತೊಡಗುತ್ತದೆ. ಇಂಥ ಜ್ವರಗಳು ನಾಲ್ಕು. ನಾಲ್ಕನೆಯ ಜ್ವರದಿಂದ ಎದ್ದ ಹುಳು ಕೊನೆಯ ಸಲ ಹೊಟ್ಟೆ ತುಂಬ ಉಂಡು, ಹಣ್ಣಾಗಿ, ಚಂದ್ರಿಕೆಯನ್ನೇರಿ ಗೂಡು ಕಟ್ಟುತ್ತದೆ. ಚೀನಾ ಮತ್ತು ಜಪಾನಿನ ರೈತರು ಇದೇ ಸ್ಥಿತಿಯನ್ನು ನಿದ್ರೆ ಎಂದು ಕರೆದರು. ಜ್ವರವೋ ನಿದ್ರೆಯೋ, ಇದು ಹುಳುವಿನ ಇಷ್ಟಾನಿಷ್ಟಗಳನ್ನು ಮೀರಿದ, ಒಳಗಿನಿಂದ ಬರುವ ಒಂದು ಆಜ್ಞೆಯೆಂಬುದನ್ನು ಸಾಕುವವರೆಲ್ಲರೂ ಕಂಡಿದ್ದರು.

ಆದರೆ ಆಜ್ಞೆ ಮಾಡುವವರು ಯಾರು? ಇಡೀ ದೇಹ ಒಮ್ಮೆಗೇ ಪೊರೆ ಕಳಚಬೇಕಾದರೆ ದೇಹದ ಎಲ್ಲ ಭಾಗಗಳಿಗೂ ಸುದ್ದಿ ಒಮ್ಮೆಗೇ ತಲುಪಬೇಕು. ಆ ಸುದ್ದಿ ಎಲ್ಲಿಂದ ಹೊರಡುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ? ಈ ಪ್ರಶ್ನೆಗೆ ಉತ್ತರ ದೊರೆಯಲು ಇಪ್ಪತ್ತನೆಯ ಶತಮಾನದ ಬಹುಭಾಗವೇ ಬೇಕಾಯಿತು. ಉತ್ತರದ ದಾರಿ ಕ್ರಾಕೋವ್, ಫ್ರಾಂಕ್‌ಫರ್ಟ್, ಲಂಡನ್, ಹಾರ್ವರ್ಡ್, ನಗೋಯಾಗಳ ಮೂಲಕ ಹಾದುಹೋಯಿತು. ಆ ಶತಮಾನದ ಕ್ರೌರ್ಯವೂ ಅದೇ ದಾರಿಯಲ್ಲಿ ಓಡಾಡಿತು. ಕೀಟದ ತಲೆಯೊಳಗಿನ, ಸಾಸಿವೆಗಿಂತ ಚಿಕ್ಕದಾದ ಮೆದುಳನ್ನು ಅರಿಯಹೊರಟವರಲ್ಲಿ ಒಬ್ಬನು ಗುಂಡಿಗೆ ಬಲಿಯಾದ, ಕೆಲವರು ದೇಶ ಬಿಟ್ಟರು, ಮತ್ತೊಬ್ಬನು ದೊಡ್ಡ ಪೀಠದಲ್ಲಿ ಕುಳಿತ. ವಿಜ್ಞಾನದ ಚರಿತ್ರೆಯನ್ನು ಶೋಧಗಳ ಪಟ್ಟಿಯಾಗಿ ಓದುವ ನಮ್ಮ ಅಭ್ಯಾಸಕ್ಕೆ ಈ ಕಥೆ ಒಂದು ತಿದ್ದುಪಡಿ.

ದಾರ ಬಿಗಿದ ಕಂಬಳಿಹುಳು

ಮೊದಲ ಮಹಾಯುದ್ಧ ನಡೆಯುತ್ತಿದ್ದ 1917ರಲ್ಲಿ, ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಕ್ರಾಕೋವ್ ನಗರದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಸ್ಟೆಫಾನ್ ಕೋಪೆಚ್ ಎಂಬ ಪೋಲಿಷ್ ಜೀವವಿಜ್ಞಾನಿಯ ಒಂದು ಲೇಖನ ಪ್ರಕಟವಾಯಿತು. 1888ರಲ್ಲಿ ಹುಟ್ಟಿದ ಕೋಪೆಚ್‌ಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಅವನು ಆರಿಸಿಕೊಂಡ ಜೀವಿ ಯುರೋಪಿನ ಕಾಡುಮರಗಳ ಎಲೆಯನ್ನು ಬೋಳಿಸುವ ಜಿಪ್ಸಿ ಪತಂಗದ ಕಂಬಳಿಹುಳು. ಉಪಕರಣಗಳೆಂದರೆ ಸಣ್ಣ ಕತ್ತರಿ ಮತ್ತು ದಾರ.

ಕೊನೆಯ ಹಂತದ ಕಂಬಳಿಹುಳುವಿನ ನಡುವಿಗೆ ಅವನು ದಾರವನ್ನು ಬಿಗಿದ. ಮುಂಭಾಗದ ರಕ್ತ ಹಿಂಭಾಗಕ್ಕೆ ಹರಿಯದಂತಾಯಿತು. ಪೊರೆ ಕಳಚಿದ ಮೇಲೆ ಒಂದು ನಿರ್ದಿಷ್ಟ ದಿನಕ್ಕಿಂತ ಮೊದಲೇ ದಾರ ಬಿಗಿದರೆ ತಲೆಯಿರುವ ಅರ್ಧ ಮಾತ್ರ ಪ್ಯೂಪವಾಗುತ್ತಿತ್ತು, ಹಿಂದಿನ ಅರ್ಧ ಕಂಬಳಿಹುಳುವಾಗಿಯೇ ಉಳಿಯುತ್ತಿತ್ತು. ಆ ದಿನ ಕಳೆದ ಮೇಲೆ ಬಿಗಿದರೆ ಎರಡೂ ಅರ್ಧಗಳು ಪ್ಯೂಪವಾಗುತ್ತಿದ್ದವು. ಅಂದರೆ ಅಷ್ಟರೊಳಗೆ ತಲೆಯ ಕಡೆಯಿಂದ ಯಾವುದೋ ಸುದ್ದಿ ಹಿಂದಕ್ಕೆ ತಲುಪಿರುತ್ತಿತ್ತು. ಆ ಸುದ್ದಿ ನರದ ಮೂಲಕ ಹೋಯಿತೋ ರಕ್ತದ ಮೂಲಕವೋ ಎಂಬುದನ್ನು ತಿಳಿಯಲು ಅವನು ದೇಹದುದ್ದಕ್ಕೂ ಹಾಯುವ ನರದ ಹುರಿಯನ್ನು ಕತ್ತರಿಸಿ ನೋಡಿದ. ರೂಪಾಂತರ ನಿಲ್ಲಲಿಲ್ಲ. ಇತರ ನರಗಂಟುಗಳನ್ನು ತೆಗೆದರೂ ನಿಲ್ಲಲಿಲ್ಲ. ಮೆದುಳನ್ನು ಸಕಾಲದಲ್ಲಿ ತೆಗೆದಾಗ ಮಾತ್ರ ಹುಳು ಪ್ಯೂಪವಾಗದೆ, ಸಾಯದೆ, ಹುಳುವಾಗಿಯೇ ದಿನ ದೂಡಿತು.

ನಿರ್ಣಯ ಸ್ಪಷ್ಟವಿತ್ತು. ಮೆದುಳು ಯಾವುದೋ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ, ಆ ವಸ್ತುವೇ ರೂಪಾಂತರವನ್ನು ಆರಂಭಿಸುತ್ತದೆ. 1922ರಲ್ಲಿ ಕೋಪೆಚ್ ಇದನ್ನು ಇಂಗ್ಲಿಷಿನಲ್ಲಿ, ಅಮೆರಿಕದ ಪತ್ರಿಕೆಯೊಂದರಲ್ಲಿ ವಿಸ್ತಾರವಾಗಿ ಬರೆದ. ಆ ಹೊತ್ತಿಗೆ ಹಾರ್ಮೋನು ಎಂಬ ಪದಕ್ಕೆ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿ ನರಗಳು ರಾಸಾಯನಿಕದ ಮೂಲಕ ಸಂದೇಶ ಕೊಡುತ್ತವೆಂದು ಆಟೋ ಲೋವಿ ತೋರಿಸಿದ್ದು 1921ರಲ್ಲಿ. ಹಾಗಿರುವಾಗ ಮೆದುಳೇ ಒಂದು ಗ್ರಂಥಿ ಎನ್ನುವ ಮಾತು, ಅದೂ ಒಂದು ಕಂಬಳಿಹುಳುವಿನ ಸಾಕ್ಷಿಯಿಂದ, ಯಾರ ಕಿವಿಗೂ ಬೀಳಲಿಲ್ಲ. ಮೆದುಳಿನ ಕೆಲಸ ವಿದ್ಯುತ್ ಸಂಜ್ಞೆ, ಗ್ರಂಥಿಯ ಕೆಲಸ ಸ್ರಾವ ಎಂಬ ಗಡಿರೇಖೆ ಅಂದಿನ ಶಾಸ್ತ್ರದಲ್ಲಿ ಅಷ್ಟು ಗಟ್ಟಿಯಾಗಿತ್ತು. ಕೋಪೆಚ್ ಪುವಾವಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿ, ಮುಂದೆ ವಾರ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ.

ಇಬ್ಬರು ವಲಸಿಗರು, ಒಂದು ಜಿರಳೆ

ಕೋಪೆಚ್ ಎಳೆದ ಎಳೆಯನ್ನು ಇನ್ನೊಂದು ತುದಿಯಿಂದ ಹಿಡಿದವರು ಜರ್ಮನಿಯ ಅರ್ನ್‌ಸ್ಟ್ ಶಾರರ್ ಮತ್ತು ಅವನ ಪತ್ನಿ ಬರ್ಟಾ ಶಾರರ್. ಅರ್ನ್‌ಸ್ಟ್ 1928ರಲ್ಲಿ ಒಂದು ಪುಟ್ಟ ಮೀನಿನ ಮೆದುಳಿನಲ್ಲಿ ವಿಚಿತ್ರ ನರಕೋಶಗಳನ್ನು ಕಂಡ. ಆಕಾರದಲ್ಲಿ ಅವು ನರಕೋಶಗಳೇ. ಒಡಲಲ್ಲಿ ಮಾತ್ರ ಗ್ರಂಥಿಯ ಕೋಶಗಳಂತೆ ಸ್ರಾವದ ಕಣಗಳು ತುಂಬಿದ್ದವು. ಈ ಕೋಶಗಳು ಸ್ರವಿಸುತ್ತವೆ ಎಂದು ಅವನು ವಾದಿಸಿದ. ಇದಕ್ಕೆ ನರಸ್ರಾವ ಎಂಬ ಹೆಸರು ಬಂತು. ಹಿರಿಯರಲ್ಲಿ ಹಲವರು ನಂಬಲಿಲ್ಲ. ಅವು ರೋಗಪೀಡಿತ ಕೋಶಗಳಿರಬೇಕು, ಇಲ್ಲವೇ ಬಣ್ಣ ಹಚ್ಚುವಾಗಿನ ದೋಷವಿರಬೇಕು ಎಂದರು.

ಬರ್ಟಾ ಜೇನುನೊಣಗಳ ಭಾಷೆಯನ್ನು ಅರಿತ ಕಾರ್ಲ್ ಫಾನ್ ಫ್ರಿಷ್‌ನ ಶಿಷ್ಯೆ. ಗಂಡ ಹೆಂಡಿರು ಪ್ರಾಣಿಪ್ರಪಂಚವನ್ನು ಹಂಚಿಕೊಂಡರು: ಬೆನ್ನೆಲುಬುಳ್ಳವು ಅವನಿಗೆ, ಇಲ್ಲದವು ಅವಳಿಗೆ. ನಾಜಿ ಆಡಳಿತದ ಜರ್ಮನಿಯಲ್ಲಿ ಅವರಿಬ್ಬರಿಗೂ ಜನ್ಮದ ಕಾರಣಕ್ಕೆ ಅಪಾಯವಿರಲಿಲ್ಲ. ಆದರೂ ತಮ್ಮ ಯಹೂದಿ ಸಹೋದ್ಯೋಗಿಗಳನ್ನು ಹೊರದಬ್ಬುತ್ತಿದ್ದ ವ್ಯವಸ್ಥೆಯಲ್ಲಿ ಇರಲಾರೆವೆಂದು 1937ರಲ್ಲಿ ಅಮೆರಿಕಕ್ಕೆ ಹೊರಟರು. ಫ್ರಾಂಕ್‌ಫರ್ಟಿನ ಒಂದು ಸಂಶೋಧನಾ ಸಂಸ್ಥೆಯ ನಿರ್ದೇಶಕನಾಗಿದ್ದವನು ಕೈಯಲ್ಲಿ ಕೆಲವೇ ಡಾಲರ್ ಹಿಡಿದು ಷಿಕಾಗೋದಲ್ಲಿ ಇಳಿದ.

ಅಲ್ಲಿ ಅವನಿಗೆ ಕೆಲಸ ದೊರೆಯಿತು, ಅವಳಿಗೆ ದೊರೆಯಲಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ನೇಮಿಸಿಕೊಳ್ಳಬಾರದೆಂಬ ನಿಯಮ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ರೂಢಿಯಲ್ಲಿತ್ತು. ಬರ್ಟಾ ಸುಮಾರು ಎರಡು ದಶಕ ಸಂಬಳವಿಲ್ಲದೆ ಗಂಡನ ಪ್ರಯೋಗಾಲಯಗಳ ಮೂಲೆಗಳಲ್ಲಿ ಕೆಲಸ ಮಾಡಿದಳು. ಪ್ರಾಣಿ ಕೊಳ್ಳಲು ಹಣವಿಲ್ಲದವಳಿಗೆ ಪುಕ್ಕಟೆಯಾಗಿ ಸಿಕ್ಕಿದ್ದು ಜಿರಳೆ. ದೊಡ್ಡದಾದ, ನಿಧಾನವಾಗಿ ನಡೆಯುವ ಒಂದು ಉಷ್ಣವಲಯದ ಜಿರಳೆಯನ್ನು ಅವಳು ಪಳಗಿಸಿಕೊಂಡಳು. ಮೆದುಳಿನಿಂದ ಅದರ ಹಿಂದಿರುವ ಪುಟ್ಟ ಗ್ರಂಥಿಗೆ ಹೋಗುವ ನರವನ್ನು ಕತ್ತರಿಸಿದಾಗ, ಕತ್ತರಿಸಿದ ಜಾಗದಲ್ಲಿ ಮೆದುಳಿನ ಕಡೆಗೆ ಸ್ರಾವದ ಕಣಗಳು ಕಟ್ಟೆಗೆ ನೀರು ನಿಂತಂತೆ ನಿಲ್ಲುತ್ತಿದ್ದವು, ಆಚೆ ಬದಿ ಬರಿದಾಗುತ್ತಿತ್ತು. ಸ್ರಾವ ಹುಟ್ಟುವುದು ಮೆದುಳಿನಲ್ಲಿ, ಹರಿಯುವುದು ನರದೊಳಗೆ, ಸಂಗ್ರಹವಾಗುವುದು ಗ್ರಂಥಿಯಲ್ಲಿ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿರಲಿಲ್ಲ. ಮನುಷ್ಯನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೂ ಮೆದುಳಿಗೂ ಇರುವ ಸಂಬಂಧವೂ ಇದೇ ಮಾದರಿಯದೆಂದು ಶಾರರ್ ದಂಪತಿ ಹೇಳಿದರು. ಕೊನೆಗೆ 1955ರಲ್ಲಿ, ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ, ಬರ್ಟಾ ಪ್ರಾಧ್ಯಾಪಕಿಯಾದಳು.

ತಲೆಯಿಲ್ಲದ ತಿಗಣೆ, ತಣಿದ ಮೆದುಳು

ಲಂಡನ್ನಿನಲ್ಲಿ ವಿನ್ಸೆಂಟ್ ವಿಗಲ್ಸ್‌ವರ್ತ್ ದಕ್ಷಿಣ ಅಮೆರಿಕದ ಒಂದು ರಕ್ತ ಹೀರುವ ತಿಗಣೆಯನ್ನು ಸಾಕಿಕೊಂಡಿದ್ದ. ರೋಡ್ನಿಯಸ್ ಎಂಬ ಈ ಕೀಟ ಪ್ರತಿ ಹಂತದಲ್ಲೂ ಒಮ್ಮೆ ಮಾತ್ರ ಹೊಟ್ಟೆ ಬಿರಿಯುವಂತೆ ರಕ್ತ ಕುಡಿಯುತ್ತದೆ, ಆಮೇಲೆ ಗೊತ್ತಾದ ದಿನಕ್ಕೆ ಪೊರೆ ಕಳಚುತ್ತದೆ. ಊಟದ ದಿನ ಗೊತ್ತಿರುವುದರಿಂದ ಗಡಿಯಾರದ ಮುಳ್ಳು ಎಲ್ಲಿದೆಯೆಂದು ಸಂಶೋಧಕನಿಗೆ ಸದಾ ಗೊತ್ತು. ಊಟವಾದ ಕೂಡಲೆ ತಲೆ ಕತ್ತರಿಸಿದರೆ ತಿಗಣೆ ಪೊರೆ ಕಳಚುತ್ತಿರಲಿಲ್ಲ. ತಲೆಯಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತಿತ್ತು. ಕೆಲವು ದಿನ ತಡೆದು ಕತ್ತರಿಸಿದರೆ ತಲೆಯಿಲ್ಲದ ದೇಹವೂ ಪೊರೆ ಕಳಚುತ್ತಿತ್ತು. 1934ರಲ್ಲಿ ಅವನು ಇಂಥ ಎರಡು ತಿಗಣೆಗಳನ್ನು ಕತ್ತಿನ ಬಳಿ ಸೇರಿಸಿ, ಮೇಣದಿಂದ ಬೆಸೆದು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದ. ತಡವಾಗಿ ತಲೆ ಕಳೆದುಕೊಂಡದ್ದರ ರಕ್ತ, ಬೇಗ ತಲೆ ಕಳೆದುಕೊಂಡದ್ದನ್ನೂ ಪೊರೆ ಕಳಚುವಂತೆ ಮಾಡಿತು. 1940ರಲ್ಲಿ ಮೆದುಳಿನ ಒಂದು ಭಾಗವನ್ನೇ, ದೊಡ್ಡ ಸ್ರಾವಕೋಶಗಳಿರುವ ಭಾಗವನ್ನು, ತಲೆಯಿಲ್ಲದ ತಿಗಣೆಯ ಹೊಟ್ಟೆಗೆ ಕಸಿ ಮಾಡಿದಾಗ ಅದು ಪೊರೆ ಕಳಚಿತು. ಕೋಪೆಚ್ ಹೇಳಿದ್ದು ನಿಜವಾಯಿತು. ತುಂಬಿದ ಹೊಟ್ಟೆ ಹಿಗ್ಗುವುದೇ ಮೆದುಳಿಗೆ ಕರೆ, ಮೆದುಳಿನ ಸ್ರಾವವೇ ದೇಹಕ್ಕೆ ಕರೆ ಎಂಬ ಸರಪಳಿ ಕಣ್ಣಿಗೆ ಬಿತ್ತು.

ಸರಪಳಿಯಲ್ಲಿ ಇನ್ನೊಂದು ಕೊಂಡಿಯಿತ್ತು. ಜಪಾನಿನಲ್ಲಿ ಫುಕುದಾ ರೇಷ್ಮೆ ಹುಳುವಿನ ಎದೆಯಲ್ಲಿರುವ ಒಂದು ಗ್ರಂಥಿಯನ್ನು ಪೊರೆ ಬಿಡಿಸುವ ಗ್ರಂಥಿಯೆಂದು 1940ರ ಸುಮಾರಿಗೆ ಗುರುತಿಸಿದ. ಹಾಗಾದರೆ ಆಜ್ಞೆ ಮೆದುಳಿನದೋ ಎದೆಯ ಗ್ರಂಥಿಯದೋ? ಇದನ್ನು ಬಗೆಹರಿಸಿದವನು ಹಾರ್ವರ್ಡಿನ ಕ್ಯಾರೊಲ್ ವಿಲಿಯಮ್ಸ್. ಅಮೆರಿಕದ ಸೆಕ್ರೋಪಿಯಾ ಎಂಬ ದೊಡ್ಡ ಪತಂಗ ಚಳಿಗಾಲವನ್ನು ಪ್ಯೂಪವಾಗಿ ನಿದ್ರಿಸಿ ಕಳೆಯುತ್ತದೆ. ಚಳಿಯನ್ನು ಉಣ್ಣದ ಪ್ಯೂಪ ಬೆಚ್ಚಗಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಕೆಲವು ವಾರ ತಣ್ಣಗಿಟ್ಟು ಹೊರತೆಗೆದರೆ ಪತಂಗವಾಗಿ ಏಳುತ್ತದೆ. ತಣಿದ ಪ್ಯೂಪದ ಮೆದುಳನ್ನು ತಣಿಯದ ಪ್ಯೂಪಕ್ಕೆ ಕಸಿ ಮಾಡಿದಾಗ ಅದೂ ಎದ್ದಿತು. ಚಳಿಯನ್ನು ಎಣಿಸುತ್ತಿದ್ದ ಅಂಗ ಮೆದುಳೇ ಆಗಿತ್ತು. ಆದರೆ ಬರಿಯ ಹೊಟ್ಟೆಯ ಭಾಗವನ್ನು ಬೇರ್ಪಡಿಸಿ ಅದಕ್ಕೆ ತಣಿದ ಮೆದುಳನ್ನು ಇಟ್ಟರೆ ಏನೂ ಆಗಲಿಲ್ಲ. ಮೆದುಳಿನ ಜೊತೆಗೆ ಎದೆಯ ಗ್ರಂಥಿಯನ್ನೂ ಇಟ್ಟಾಗ ತಲೆಯಿಲ್ಲದ, ಕಾಲಿಲ್ಲದ ಹೊಟ್ಟೆ ಪತಂಗದ ಹೊಟ್ಟೆಯಾಯಿತು. 1947ರ ಹೊತ್ತಿಗೆ ಚಿತ್ರ ತಿಳಿಯಾಯಿತು: ಮೆದುಳು ಎದೆಯ ಗ್ರಂಥಿಗೆ ಹೇಳುತ್ತದೆ, ಗ್ರಂಥಿ ದೇಹಕ್ಕೆ ಹೇಳುತ್ತದೆ. ದೊರೆಯ ಆಜ್ಞೆ ಅಮಲ್ದಾರನ ಮೂಲಕ ಊರಿಗೆ ತಲುಪುವಂತೆ.

ಐನೂರು ಕಿಲೋ ಹುಳುವಿನಿಂದ ಚಿಟಿಕೆ ಹರಳು

ಎದೆಯ ಗ್ರಂಥಿ ಹೊರಡಿಸುವ ವಸ್ತು ಯಾವುದು? 1954ರಲ್ಲಿ ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಮತ್ತು ಪೀಟರ್ ಕಾರ್ಲ್‌ಸನ್ 500 ಕಿಲೋ ರೇಷ್ಮೆ ಪ್ಯೂಪಗಳನ್ನು ಅರೆದು, ಸೋಸಿ, ಕೊನೆಗೆ 25 ಮಿಲಿಗ್ರಾಂ ಹರಳನ್ನು ಪಡೆದರು. ಪೊರೆ ಕಳಚುವುದಕ್ಕಿರುವ ಗ್ರೀಕ್ ಪದದಿಂದ ಅದಕ್ಕೆ ಎಕ್ಡೈಸೋನ್ ಎಂದು ಹೆಸರಾಯಿತು. 1965ರಲ್ಲಿ ಅದರ ರಚನೆ ತಿಳಿದಾಗ ಅದು ನಮ್ಮ ದೇಹದ ಹಲವು ಹಾರ್ಮೋನುಗಳಂತೆ ಸ್ಟೀರಾಯ್ಡ್ ಕುಲಕ್ಕೆ ಸೇರಿದ್ದೆಂದು ಗೊತ್ತಾಯಿತು. ಕೀಟಗಳು ಇದನ್ನು ಕೊಲೆಸ್ಟರಾಲಿನಿಂದ ಮಾಡಿಕೊಳ್ಳುತ್ತವೆ. ಕೊಲೆಸ್ಟರಾಲಿನ ಮೂಲವಸ್ತುವನ್ನು ತಾವಾಗಿ ತಯಾರಿಸಲಾರದ ಅವು ಅದನ್ನು ಮೇವಿನಿಂದಲೇ ಪಡೆಯಬೇಕು. ಹಿಪ್ಪುನೇರಳೆ ಸೊಪ್ಪಿನ ಒಂದು ಅಂಶವೇ ಹುಳುವಿನ ಜ್ವರವಾಗುತ್ತದೆ ಎಂದರೆ ತಪ್ಪಾಗದು.

ಈ ಶೋಧದ ಸುತ್ತ ನಿಂತವರನ್ನು ಒಮ್ಮೆ ಒಟ್ಟಿಗೆ ನೋಡಬೇಕು. ಪ್ರತಿ ಹಂತದಲ್ಲೂ ಹಾರ್ಮೋನು ಎಷ್ಟು ಉಳಿದಿದೆಯೆಂದು ಅಳೆಯಲು ಬ್ಯೂಟೆನಾಂಟ್ ತಂಡ ಬಳಸಿದ್ದು ದಾರ ಬಿಗಿದ ಮಾಂಸನೊಣದ ಮರಿಹುಳು. ಬಿಗಿದ ಹಿಂಭಾಗಕ್ಕೆ ಸಾರವನ್ನು ಚುಚ್ಚಿದಾಗ ಅದು ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದರೆ ಸಾರದಲ್ಲಿ ಹಾರ್ಮೋನು ಇದೆಯೆಂದರ್ಥ. ಈ ಪರೀಕ್ಷೆಗೆ ತಳಹದಿ ಹಾಕಿದವನು ಗಾಟ್‌ಫ್ರೀಡ್ ಫ್ರೆಂಕೆಲ್. ಯಹೂದಿಯಾದ ಕಾರಣಕ್ಕೆ 1933ರಲ್ಲಿ ಫ್ರಾಂಕ್‌ಫರ್ಟಿನ ಹುದ್ದೆ ಕಳೆದುಕೊಂಡು ಲಂಡನ್ನಿಗೆ ಬಂದವನು ಅವನು. ಬ್ಯೂಟೆನಾಂಟನಾದರೋ 1936ರಿಂದ ನಾಜಿ ಪಕ್ಷದ ಸದಸ್ಯ. ಲೈಂಗಿಕ ಹಾರ್ಮೋನುಗಳ ಕೆಲಸಕ್ಕಾಗಿ 1939ರ ನೊಬೆಲ್ ಅವನಿಗೆ ಬಂದಾಗ ಹಿಟ್ಲರನ ಸರ್ಕಾರ ಸ್ವೀಕರಿಸಲು ಬಿಡಲಿಲ್ಲ, ಯುದ್ಧ ಮುಗಿದ ಮೇಲೆ ಸ್ವೀಕರಿಸಿದ. 1960ರಿಂದ 1972ರವರೆಗೆ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸೊಸೈಟಿಯ ಅಧ್ಯಕ್ಷನಾಗಿದ್ದ.

ಕೋಪೆಚ್ ಇವಾವುದನ್ನೂ ನೋಡಲಿಲ್ಲ. ಜರ್ಮನ್ ಆಕ್ರಮಿತ ವಾರ್ಸಾದಲ್ಲಿ 1941ರ ಮಾರ್ಚ್ 7ರಂದು, ಆಕ್ರಮಣಕಾರರ ಜೊತೆ ಕೈಜೋಡಿಸಿದ್ದ ಇಗೋ ಸಿಮ್ ಎಂಬ ನಟನನ್ನು ಪೋಲಿಷ್ ಪ್ರತಿರೋಧ ದಳ ಕೊಂದಿತು. ಪ್ರತೀಕಾರವಾಗಿ ಒತ್ತೆಯಾಳುಗಳನ್ನು ಹಿಡಿಯಲಾಯಿತು. ನಾಲ್ಕು ದಿನಗಳ ಬಳಿಕ, ಮಾರ್ಚ್ 11ರಂದು, ನಗರದ ಹೊರಗಿನ ಪಾಲ್ಮಿರಿ ಕಾಡಿನಲ್ಲಿ ಅವರಲ್ಲಿ 21 ಜನರನ್ನು ಗುಂಡಿಟ್ಟು ಕೊಂದರು. ಪ್ರಾಧ್ಯಾಪಕ ಸ್ಟೆಫಾನ್ ಕೋಪೆಚ್ ಅವರಲ್ಲೊಬ್ಬ. ಹಿಂದಿನ ವರ್ಷವಷ್ಟೇ ಲಂಡನ್ನಿನ ತಿಗಣೆ ಅವನ ಮಾತನ್ನು ಎತ್ತಿಹಿಡಿದಿತ್ತು. ಆ ಲೇಖನ ಆಕ್ರಮಿತ ವಾರ್ಸಾವನ್ನು ತಲುಪುವ ಕಾಲ ಅದಾಗಿರಲಿಲ್ಲ.

ನಗೋಯಾದ ತಾಳ್ಮೆ

ಎಕ್ಡೈಸೋನ್ ಎರಡನೆಯ ಕೊಂಡಿ. ಮೊದಲನೆಯದು, ಕೋಪೆಚ್ ಊಹಿಸಿದ ಮೆದುಳಿನ ವಸ್ತು, ಇನ್ನೂ ಕೈಗೆ ಸಿಕ್ಕಿರಲಿಲ್ಲ. ಅದನ್ನು ಹಿಡಿಯುವ ಕೆಲಸ ಸಹಜವಾಗಿಯೇ ಜಪಾನಿಗೆ ಬಂತು. ರೇಷ್ಮೆ ಉದ್ಯಮದ ದೇಶವಾದ ಅಲ್ಲಿ ಹುಳುವಿಗೆ ಬರವಿರಲಿಲ್ಲ. ಮೊದಲ ಫಲ ವಿಚಿತ್ರವಾಗಿತ್ತು. ಸಾವಿರಾರು ಮೆದುಳುಗಳಿಂದ ಪಡೆದ ಎಣ್ಣೆಯಂಥ ಸಾರದಿಂದ ಒಂದು ಶುದ್ಧ ವಸ್ತುವನ್ನು ಬೇರ್ಪಡಿಸಿದ ಕೊಬಯಾಷಿ ಮತ್ತು ಸಂಗಡಿಗರು, ಅದು ಕೊಲೆಸ್ಟರಾಲ್ ಎಂದು 1962ರಲ್ಲಿ ಪ್ರಕಟಿಸಿದರು. ಪ್ರಾಣಿದೇಹದಲ್ಲಿ ಎಲ್ಲೆಲ್ಲೂ ಇರುವ ವಸ್ತು ಮೆದುಳಿನ ಗುಟ್ಟಿನ ಸಂದೇಶವಾಗುವುದು ಹೇಗೆ? ಅದೇ ವೇಳೆಗೆ ಇಚಿಕಾವಾ ಮತ್ತು ಇಶಿಝಾಕಿ ಮೆದುಳಿನ ಹಾರ್ಮೋನು ನೀರಿನಲ್ಲಿ ಕರಗುವ ಪ್ರೋಟೀನು ಎಂದು ತೋರಿಸಿದರು. ಕ್ರಮೇಣ ಅವರ ಮಾತೇ ನಿಂತಿತು.

ಅವರ ಪರೀಕ್ಷೆಗೆ ಒದಗಿದ್ದು ಅಸ್ಸಾಮಿನವರು ಹರಳೆಲೆ ಹಾಕಿ ಸಾಕುವ ಎರಿ ರೇಷ್ಮೆಯ ಹುಳು. ಮೆದುಳು ತೆಗೆದು ನಿದ್ರೆಗೆ ಕೆಡವಿದ ಎರಿ ಪ್ಯೂಪಕ್ಕೆ ಹಿಪ್ಪುನೇರಳೆ ರೇಷ್ಮೆ ಹುಳುವಿನ ಮೆದುಳಿನ ಸಾರವನ್ನು ಚುಚ್ಚಿದರೆ ಅದು ಎಚ್ಚೆತ್ತು ಪತಂಗವಾಗುತ್ತಿತ್ತು. ಈ ಅಳತೆಗೋಲನ್ನು ಹಿಡಿದು ಇಶಿಝಾಕಿ, ಸುಜುಕಿ ಮತ್ತವರ ಸಹೋದ್ಯೋಗಿಗಳು ಇಪ್ಪತ್ತು ವರ್ಷಕ್ಕೂ ಮಿಕ್ಕಿ, ಲಕ್ಷಗಟ್ಟಲೆ ಪತಂಗಗಳ ತಲೆಗಳನ್ನು ಸೋಸಿದರು. 1984ರಲ್ಲಿ ಪ್ರೋಟೀನು ಕೈಗೆ ಸಿಕ್ಕಿತು. ಎರಡು ಅಚ್ಚರಿಗಳು ಕಾದಿದ್ದವು. ಅದರ ರಚನೆ ಮನುಷ್ಯನ ಇನ್ಸುಲಿನ್ನನ್ನು ಹೋಲುತ್ತಿತ್ತು. ಜೊತೆಗೆ, ಎರಿ ಹುಳುವನ್ನು ಎಬ್ಬಿಸುತ್ತಿದ್ದ ಆ ವಸ್ತು, ತಾನು ಹುಟ್ಟಿದ ಹಿಪ್ಪುನೇರಳೆ ಹುಳುವಿನಲ್ಲಿ ಪೊರೆಯ ಆಜ್ಞೆಯನ್ನು ಕೊಡುವ ಹಾರ್ಮೋನು ಆಗಿರಲೇ ಇಲ್ಲ! ಅಳತೆಗೋಲು ಬೇರೊಂದು ಸಂಪತ್ತನ್ನು ತೋರಿಸಿಕೊಟ್ಟಿತ್ತು. ನಿಜವಾದ ಹಾರ್ಮೋನನ್ನು ರೇಷ್ಮೆ ಹುಳುವಿನ ಮೇಲೆಯೇ ಅಳೆದು ಮತ್ತೆ ಹುಡುಕಬೇಕಾಯಿತು. 1990ರಲ್ಲಿ ಅದರ ಪೂರ್ಣ ರಚನೆ ತಿಳಿಯಿತು. ಕ್ರಾಕೋವಿನ ಲೇಖನಕ್ಕೆ ಆಗ 73 ವರ್ಷ.

ಈ ಬಳಸುದಾರಿ ವ್ಯರ್ಥವಾಗಲಿಲ್ಲ. ಊಟ ಮತ್ತು ಬೆಳವಣಿಗೆಗಳನ್ನು ಬೆಸೆಯುವ ಇನ್ಸುಲಿನ್ ವಂಶದ ಸಂದೇಶವಾಹಕಗಳು ಬೆನ್ನೆಲುಬಿಲ್ಲದ ಜೀವಿಗಳ ಮೆದುಳಿನಲ್ಲೂ ಇವೆಯೆಂಬ ತಿಳಿವು ಅದರಿಂದ ಗಟ್ಟಿಯಾಯಿತು.

ನಡತೆಯೂ ಸ್ರಾವವೇ?

ಇಲ್ಲಿಯವರೆಗಿನದು ದೇಹದ ಕಥೆ. ಮೆದುಳಿನ ಸ್ರಾವ ನಡತೆಯನ್ನೂ ಆಳುತ್ತದೆಯೆ? 1970ರಲ್ಲಿ ಜೇಮ್ಸ್ ಟ್ರೂಮನ್ ಮತ್ತು ಲಿನ್ ರಿಡಿಫೋರ್ಡ್ ಕೊಟ್ಟ ಉತ್ತರ ಈ ಚರಿತ್ರೆಯಲ್ಲೇ ಅತ್ಯಂತ ಸೊಗಸಾದದ್ದು. ಸೆಕ್ರೋಪಿಯಾ ಪತಂಗ ಪ್ಯೂಪದ ಕವಚವನ್ನೊಡೆದು ಹೊರಬರುವುದು ಬೆಳಗಿನ ಹೊತ್ತು. ನಮ್ಮ ಟಸ್ಸಾರ್ ಹುಳುವಿನ ದಾಯಾದಿಯಾದ ಚೀನಾದ ಓಕ್ ಟಸ್ಸಾರ್ ಪತಂಗ ಹೊರಬರುವುದು ಇಳಿಹೊತ್ತಿನಲ್ಲಿ. ಎರಡರ ಮೆದುಳುಗಳನ್ನೂ ತೆಗೆದು, ಒಂದರದನ್ನು ಇನ್ನೊಂದರ ಹೊಟ್ಟೆಯಲ್ಲಿ ಇಟ್ಟರು. ಯಾವ ನರಕ್ಕೂ ಜೋಡಣೆಯಿಲ್ಲದೆ ರಕ್ತದಲ್ಲಿ ತೇಲುತ್ತಿದ್ದ ಆ ಮೆದುಳು ತನ್ನ ವೇಳೆಯನ್ನು ಮರೆಯಲಿಲ್ಲ. ಸೆಕ್ರೋಪಿಯಾ ಸಂಜೆಗೆ ಹೊರಬಂತು, ಟಸ್ಸಾರ್ ಬೆಳಗ್ಗೆ. ಹೊರಬರುವ ಪತಂಗದ ಮೈ ಕುಲುಕಾಟ, ಹೊರಳಾಟಗಳು ಮಾತ್ರ ಆಯಾ ಜಾತಿಯ ರೂಢಿಯಂತೆಯೇ ನಡೆದವು. ಅಂದರೆ ಯಾವಾಗ ಎಂಬುದು ಮೆದುಳಿನ ಸ್ರಾವದಲ್ಲಿದೆ, ಹೇಗೆ ಎಂಬುದು ದೇಹದ ನರಮಂಡಲದಲ್ಲಿ ಮೊದಲೇ ಬರೆದಿದೆ. ಹಾರ್ಮೋನು ನೃತ್ಯವನ್ನು ಕಲಿಸುವುದಿಲ್ಲ, ತೆರೆ ಎತ್ತುತ್ತದೆ.

ಎರಡನೆಯ ನಿದರ್ಶನ ಮಿಡತೆಯದು. 2020ರ ಬೇಸಿಗೆಯಲ್ಲಿ ನಾಗಪುರ ಜಿಲ್ಲೆಯ ತೋಟಗಳ ಮೇಲೆ, ಜೂನ್ ಕೊನೆಯಲ್ಲಿ ಗುರುಗ್ರಾಮದ ಬಹುಮಹಡಿ ಮನೆಗಳ ಮೇಲೆ ಕವಿದ ಮರುಭೂಮಿ ಮಿಡತೆಗಳ ಮೋಡ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಇದೇ ಮಿಡತೆ ಮಳೆಯಿಲ್ಲದ ವರ್ಷಗಳಲ್ಲಿ ಒಂಟಿಯಾಗಿ, ನಾಚಿಕೆಯ ಜೀವಿಯಾಗಿ, ತನ್ನವರಿಂದಲೇ ದೂರವಿದ್ದು ಬದುಕುತ್ತದೆ. ಒಂಟಿ ಮಿಡತೆ ಮತ್ತು ಗುಂಪಿನ ಮಿಡತೆ ಬೇರೆ ಬೇರೆ ಜಾತಿಗಳೆಂದು ಬಹುಕಾಲ ನಂಬಲಾಗಿತ್ತು. ರಷ್ಯಾದಿಂದ ಲಂಡನ್ನಿಗೆ ಬಂದಿದ್ದ ಬೋರಿಸ್ ಉವರೋವ್ ವಲಸೆ ಮಿಡತೆಯ ಉದಾಹರಣೆ ಹಿಡಿದು, ಅವು ಒಂದೇ ಜಾತಿಯ ಎರಡು ಅವಸ್ಥೆಗಳೆಂದು 1921ರಲ್ಲಿ ವಾದಿಸಿದ. ಒಂದು ಅವಸ್ಥೆ ಇನ್ನೊಂದಾಗುವುದು ಹೇಗೆಂಬುದು 2009ರಲ್ಲಿ ಕೇಂಬ್ರಿಡ್ಜ್, ಆಕ್ಸ್‌ಫರ್ಡ್ ಮತ್ತು ಸಿಡ್ನಿಯ ಸಂಶೋಧಕರಿಗೆ ಮರುಭೂಮಿ ಮಿಡತೆಯಲ್ಲಿ ಕಂಡಿತು. ಮೇವು ಕಡಿಮೆಯಾಗಿ ಒಂದೆಡೆ ಒತ್ತಿ ಬಂದ ಮಿಡತೆಗಳ ಹಿಂಗಾಲಿಗೆ ಒಂದಕ್ಕೊಂದು ತಗಲುತ್ತದೆ. ಎರಡು ಗಂಟೆ ಹೀಗೆ ತಗಲಿದರೆ ಸಾಕು, ಎದೆಯ ನರಗಂಟುಗಳಲ್ಲಿ ಸೆರೊಟೋನಿನ್ ಏರುತ್ತದೆ, ಒಂಟಿತನ ಬಯಸುತ್ತಿದ್ದ ಜೀವಿ ಗುಂಪಿನ ಕಡೆಗೆ ನಡೆಯುತ್ತದೆ. ಸೆರೊಟೋನಿನ್ನನ್ನು ತಡೆದರೆ ನಡೆಯುವುದಿಲ್ಲ. ಹೊರಗಿನಿಂದ ಕೊಟ್ಟರೆ ಸಂದಣಿಯಿಲ್ಲದೆಯೂ ನಡೆಯುತ್ತದೆ. ನಮ್ಮ ಮನಸ್ಸಿನ ಏರಿಳಿತಗಳ ಜೊತೆ ತಳುಕು ಹಾಕಿಕೊಂಡಿರುವ ಅದೇ ಸೆರೊಟೋನಿನ್ ಇದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮನುಷ್ಯನಲ್ಲಿರುವ ವಸ್ತುವೇ ಮಿಡತೆಯಲ್ಲೂ ಇದೆಯೆಂದಮಾತ್ರಕ್ಕೆ ಮಿಡತೆಗೆ ಸಂತೋಷವಾಯಿತೆಂದು ಹೇಳುವಂತಿಲ್ಲ. ವಲಸೆ ಮಿಡತೆಯೆಂಬ ಇನ್ನೊಂದು ಜಾತಿಯಲ್ಲಿ ಇದೇ ಬದಲಾವಣೆಗೆ ಡೋಪಮಿನ್ ಮುಖ್ಯವೆಂದು ಚೀನಾದ ಸಂಶೋಧಕರು ಕಂಡಿದ್ದಾರೆ. ರಾಸಾಯನಿಕ ಅಕ್ಷರವಿದ್ದಂತೆ. ಒಂದೇ ಅಕ್ಷರ ಬೇರೆ ಬೇರೆ ಭಾಷೆಗಳಲ್ಲಿ ಬೇರೆ ಬೇರೆ ಪದಗಳನ್ನು ಕಟ್ಟುತ್ತದೆ.

ತಾಯಿಯ ನೆನಪು, ಮಗಳ ಮೊಟ್ಟೆ

ಈ ಚರಿತ್ರೆಯ ಒಂದು ಕವಲು ನೇರವಾಗಿ ಕರ್ನಾಟಕದ ಹುಳುಮನೆಗೆ ಬರುತ್ತದೆ. ಚಳಿ ದೇಶಗಳ ರೇಷ್ಮೆ ತಳಿಗಳ ಮೊಟ್ಟೆ ಒಡೆಯದೆ ಚಳಿಗಾಲ ಪೂರ್ತಿ ನಿದ್ರಿಸುತ್ತದೆ. ಹಳೆಯ ಮೈಸೂರು ತಳಿಯ ಮೊಟ್ಟೆ ಹತ್ತು ಹನ್ನೊಂದು ದಿನಕ್ಕೆ ಒಡೆಯುತ್ತದೆ, ವರ್ಷವಿಡೀ ಬೆಳೆ ತೆಗೆಯಬಹುದು. ಫುಕುದಾ ಮತ್ತು ಹಸೆಗಾವಾ 1951ರ ಸುಮಾರಿಗೆ ಬೇರೆಬೇರೆಯಾಗಿ ತೋರಿಸಿದ ಸಂಗತಿಯೆಂದರೆ, ಮೊಟ್ಟೆಯ ನಿದ್ರೆಯನ್ನು ನಿರ್ಧರಿಸುವುದು ತಾಯಿ. ಅವಳ ಮೆದುಳಿನ ಕೆಳಗಿರುವ ನರಗಂಟು ಒಂದು ಹಾರ್ಮೋನನ್ನು ಸ್ರವಿಸಿದರೆ ಅವಳ ಒಡಲೊಳಗಿನ ಮೊಟ್ಟೆಗಳು ನಿದ್ರೆಗೆ ಸಿದ್ಧವಾಗುತ್ತವೆ. ವರ್ಷಕ್ಕೆರಡು ಪೀಳಿಗೆಯ ದ್ವಿತಳಿಗಳಲ್ಲಿ, ಆ ನರಗಂಟು ಸ್ರವಿಸಬೇಕೆ ಬೇಡವೆ ಎಂಬುದು ತಾಯಿ ತಾನೇ ಮೊಟ್ಟೆಯಾಗಿದ್ದಾಗ ಉಂಡ ಬಿಸಿಲು ಬೆಳಕುಗಳಿಂದ ತೀರ್ಮಾನವಾಗಿರುತ್ತದೆ. ಬೆಚ್ಚಗೆ, ಬೆಳಕಿನಲ್ಲಿ ಕಾವು ಕಂಡವಳು ಮಲಗುವ ಮೊಟ್ಟೆಯಿಡುತ್ತಾಳೆ. ತಂಪಿನಲ್ಲಿ, ಕತ್ತಲಲ್ಲಿ ಬೆಳೆದವಳು ಕೂಡಲೇ ಒಡೆಯುವ ಮೊಟ್ಟೆಯಿಡುತ್ತಾಳೆ. ಒಂದು ಹೆಣ್ಣು ಹುಟ್ಟುವ ಮುನ್ನ ಕಂಡ ಋತು ಅವಳ ಮಕ್ಕಳ ಹಣೆಬರಹವಾಗುತ್ತದೆ.

ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಜಪಾನಿನ ಸಹಕಾರದೊಡನೆ ಬೆಳೆಸಿದ ಸಿ.ಎಸ್.ಆರ್. ದ್ವಿತಳಿಗಳ ಮೊಟ್ಟೆಗಳನ್ನು ಎಬ್ಬಿಸಲು ಬಿತ್ತನೆ ಕೇಂದ್ರಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದುತ್ತಾರೆ, ಶೀತಲಗೃಹದಲ್ಲಿ ಇಡುತ್ತಾರೆ. ರೈತರ ಮೆಚ್ಚಿನ ಹಳದಿ ಗೂಡಿನ ಮಿಶ್ರತಳಿಯಲ್ಲಿ ಈ ತೊಡಕಿಲ್ಲ. ಅಲ್ಲಿ ತಾಯಿ ಮೈಸೂರು ತಳಿಯವಳು, ತಂದೆ ದ್ವಿತಳಿಯವನು. ನಿದ್ರೆ ತಾಯಿಯ ಕಡೆಯ ಬಳುವಳಿಯಾದ್ದರಿಂದ ಮೊಟ್ಟೆ ಆಮ್ಲವಿಲ್ಲದೆಯೇ ಒಡೆಯುತ್ತದೆ. ಬಿತ್ತನೆ ಮಾಡುವವರು ಅನುಭವದಿಂದ ಹಿಡಿದ ಈ ಕ್ರಮದ ಹಿಂದೆ ನಿಂತಿರುವುದು ಒಂದು ನರಗಂಟಿನ ಸ್ರಾವ. ಹುಳುಗಳೆಲ್ಲ ಒಟ್ಟಿಗೆ ಹಣ್ಣಾಗಲೆಂದು ಸೊಪ್ಪಿನ ಮೇಲೆ ಸಿಂಪಡಿಸುವ, ಗಿಡಮೂಲದ ‘ಸಂಪೂರ್ಣ’ ಎಂಬ ತಯಾರಿಕೆಯಲ್ಲಿರುವುದೂ ಎಕ್ಡೈಸೋನಿನ ಕುಲದ ವಸ್ತುವೇ. ಅರ್ಧ ಟನ್ ಪ್ಯೂಪಗಳನ್ನು ಅರೆದು ಹರಳು ತೆಗೆದ ಶೋಧ ಈಗ ಆಳುಕಾಳಿನ ಖರ್ಚು ಉಳಿಸುವ ಉಪಾಯವಾಗಿದೆ.

ಮೆದುಳು ಒಂದು ಗ್ರಂಥಿಯೂ ಹೌದು ಎಂಬುದು ಇಂದು ಪಠ್ಯಪುಸ್ತಕದ ಮಾತು. ನಮ್ಮ ಹಸಿವು, ಬಾಯಾರಿಕೆ, ಪ್ರಾಯ, ಹೆರಿಗೆ ಎಲ್ಲದರಲ್ಲೂ ಮೆದುಳಿನ ಸ್ರಾವಗಳ ಪಾತ್ರವಿದೆಯೆಂದು ವಿದ್ಯಾರ್ಥಿಗಳು ಕಲಿಯುತ್ತಾರೆ. ಅದನ್ನು ಪ್ರಯೋಗದಿಂದ ಮೊದಲು ಕಂಡದ್ದು ಮನುಷ್ಯನಲ್ಲಲ್ಲ, ಇಲಿಯಲ್ಲೂ ಅಲ್ಲ, ಕಾಡುಮರದ ಎಲೆ ತಿನ್ನುವ ಒಂದು ಪೀಡೆಹುಳುವಿನಲ್ಲಿ ಎಂಬುದನ್ನು ಪಠ್ಯಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಆ ಒಂದು ಸಾಲಿನೊಳಗೆ ಸಂಬಳವಿಲ್ಲದೆ ಜಿರಳೆ ಸಾಕಿದ ಹೆಣ್ಣಿದ್ದಾಳೆ, ಹುದ್ದೆ ಕಳೆದುಕೊಂಡು ನಾಡು ಬಿಟ್ಟವನಿದ್ದಾನೆ, ಪಾಲ್ಮಿರಿಯ ಕಾಡಿನಲ್ಲಿ ಮಣ್ಣಾದವನಿದ್ದಾನೆ. ಪ್ರಯೋಗಕ್ಕೆ ದಾರ ಸಾಕಾಗಿತ್ತು. ಅದನ್ನು ನಂಬುವುದಕ್ಕೆ ಲೋಕಕ್ಕೆ ಹಿಡಿದ ಕಾಲ ಮಾತ್ರ ಒಬ್ಬ ಮನುಷ್ಯನ ಆಯುಷ್ಯಕ್ಕಿಂತ ಹೆಚ್ಚಾಯಿತು.